ತಜ್ಞರ ಉತ್ತರ: ಕಣ್ಣು ರಸ್ತೆಯಲ್ಲೇ ಇತ್ತು, ಆದ್ರೂ ನಿಂತ ಬಸ್ಸು ಕಾಣಲಿಲ್ಲ

ಪ್ರಶ್ನೆ: ಮಾಷ್ಟ್ರೇ, ನಮ್ಮ ಮನೆ ಪೆರ್ಲ ಹತ್ರ, ಕೆಲಸ ಕಾಸರಗೋಡಲ್ಲಿ. ಲೈಸೆನ್ಸ್ ಸಿಕ್ಕಿ ಐದು ತಿಂಗಳಾಯ್ತು, ದಿನಾ ಬದಿಯಡ್ಕ, ಚೆರ್ಕಳ ಆಗಿ ಕಾರಲ್ಲೇ ಹೋಗಿ ಬರ್ತೇನೆ. ಸುರುವಿಗೆ ತುಂಬಾ ಹೆದರಿಕೆ ಇತ್ತು, ಈಗ ಕೈ ಕೂತಿದೆ ಅಂತ ಧೈರ್ಯ ಬಂದಿತ್ತು. ಹೋದ ವಾರ ಸಂಜೆ ವಾಪಸ್ ಬರುವಾಗ ಎಡನೀರು ದಾಟಿ ಒಂದು ತಿರುವಲ್ಲಿ ಬಸ್ಸು ಜನ ಇಳಿಸ್ಲಿಕ್ಕೆ ನಿಂತಿತ್ತು. ನನಗೆ ಅದು ಕಂಡದ್ದು ಎರಡು ಮಾರು ದೂರ ಇರುವಾಗ. ಬ್ರೇಕ್ ತುಳಿದೆ, ಇಂಜಿನ್ ಆಫ್ ಆಯ್ತು, ದೇವರ ದಯೆ ತಾಗಲಿಲ್ಲ. ಫೋನ್ ಕೈಯಲ್ಲಿ ಇರ್ಲಿಲ್ಲ ಮಾಷ್ಟ್ರೇ, ಬ್ಲೂಟೂತಲ್ಲಿ ಅಮ್ಮನ ಹತ್ರ ಮಾತಾಡ್ತಿದ್ದೆ. ಜಾಗದ ಕಾಗದ ಕಪಾಟಲ್ಲಿ ಎಲ್ಲಿ ಉಂಟು ಅಂತ ಅವರು ಕೇಳಿದ್ರು, ನಾನು ಹೇಳ್ತಾ ಇದ್ದೆ, ಕಣ್ಣು ರಸ್ತೆ ಬಿಟ್ಟು ಎಲ್ಲಿಗೂ ಹೋಗಿರ್ಲಿಲ್ಲ. ಯಜಮಾನರು ಹೇಳ್ತಾರೆ, ನಾನು ಹದಿನೈದು ವರ್ಷದಿಂದ ಮಾತಾಡಿಕೊಂಡೇ ಓಡಿಸ್ತೇನೆ, ನಿನಗೆ ಅಭ್ಯಾಸ ಸಾಲದು ಅಷ್ಟೇ ಅಂತ. ಅತ್ತೆ ಬಸ್ಸಲ್ಲೇ ಹೋಗು ಅಂತಾರೆ. ಬ್ಲೂಟೂತ್ ಕೂಡ ತಪ್ಪಾ? ಅಭ್ಯಾಸ ಆದ್ರೆ ಸರಿ ಹೋಗ್ತದಾ? ಕೆಲವು ದಿನ ನಾಲ್ಕು ವರ್ಷದ ಮಗನೂ ಹಿಂದೆ ಇರ್ತಾನೆ. ನಾನು ಕಾರು ಓಡಿಸೋದು ಬಿಡಬೇಕಾ?

ಉತ್ತರ:

ಮೊದಲು ಕಡೆಯ ಪ್ರಶ್ನೆಗೆ ಹೇಳ್ತೇನೆ, ಯಾಕಂದ್ರೆ ನಿಮಗೆ ರಾತ್ರಿ ನಿದ್ದೆ ಬಾರದಿದ್ದದ್ದು ಅದರಿಂದಲೇ ಇರಬೇಕು. ಬಿಡಬೇಡಿ ತಂಗಿ. ಎರಡು ಮಾರಲ್ಲಿ ಕಾರು ನಿಲ್ಲಿಸಿದ್ದೀರಿ ಅಂದ್ರೆ ನೀವು ವೇಗ ಹಿಡಿತದಲ್ಲಿ ಇಟ್ಟುಕೊಂಡಿದ್ರಿ, ಕಾಲು ಬ್ರೇಕಿಗೆ ಸರಿಯಾಗಿ ಹೋಗಿದೆ. ಓಡಿಸುವ ಕೆಲಸದಲ್ಲಿ ನಿಮಗೆ ಕೊರತೆ ಕಾಣೋದಿಲ್ಲ. ತಪ್ಪಿದ್ದು ಬೇರೆ ಕಡೆ, ಮತ್ತೆ ಅದು ನಿಮ್ಮೊಬ್ಬರಿಗೆ ತಪ್ಪುವಂಥದ್ದಲ್ಲ.

ಬ್ಲೂಟೂತ್ ಆದ್ರೆ ಆಯ್ತಲ್ಲ, ಕೈ ಖಾಲಿ ಉಂಟು, ಕಣ್ಣು ಮುಂದೆ ಉಂಟು ಅಂತ ತುಂಬಾ ಜನ ತಿಳ್ಕೊಂಡಿದ್ದಾರೆ. ನೀವು ಬರೆದದ್ದರಲ್ಲೇ ಅದಕ್ಕೆ ಉತ್ತರ ಉಂಟು ನೋಡಿ. ಅಮ್ಮ ಕಾಗದ ಎಲ್ಲಿ ಉಂಟು ಅಂತ ಕೇಳಿದಾಗ ನೀವೆಂತ ಮಾಡಿದ್ರಿ? ಕಪಾಟಿನ ಬಾಗಿಲು ತೆಗೆದ್ರಿ, ಎರಡನೇ ಅರೆ, ಸೀರೆ ಅಡಿಯಲ್ಲಿ, ನೀಲಿ ಫೈಲು, ಇದನ್ನೆಲ್ಲ ಮನಸ್ಸಲ್ಲೇ ನೋಡಿದ್ರಿ, ನೋಡದೆ ಅದನ್ನ ಹೇಳ್ಲಿಕ್ಕೇ ಆಗೋದಿಲ್ಲ. ಮುಖದ ಕಣ್ಣು ತಿರುವಲ್ಲಿತ್ತು, ನೋಡುವ ಕಣ್ಣು ಕಪಾಟಿನೊಳಗಿತ್ತು. ಸ್ಪೇನಿನ ಸಂಶೋಧಕರು 2000ನೇ ಇಸವಿಯಲ್ಲಿ ಇದನ್ನೇ ಅಳೆದು ಬರೆದಿದ್ದಾರೆ, ಕಾರು ಓಡಿಸುವವರ ಹತ್ರ ಮನಸ್ಸಲ್ಲಿ ಚಿತ್ರ ಬಿಡಿಸಿಕೊಂಡು ಉತ್ತರ ಹೇಳುವಂಥ ಪ್ರಶ್ನೆ ಕೇಳಿ ಕಣ್ಣಿನ ಚಲನೆ ನೋಡಿದ್ರು. ಆಗ ಕಣ್ಣು ಒಂದೇ ಕಡೆ ನೆಟ್ಟು ನಿಲ್ತದೆ, ಆಚೀಚೆ ಓಡಾಡೋದು ಕಮ್ಮಿ ಆಗ್ತದೆ, ಕನ್ನಡಿ ನೋಡೋದು ಕಮ್ಮಿ ಆಗ್ತದೆ.

ಇದಕ್ಕೆ ನಾನು ಕಾರು ಕಲಿಸುವ ಗ್ರೌಂಡಲ್ಲಿ ಒಂದು ಪಾಠ ಉಂಟು. ಕಲಿಯುವವರಿಗೆ ಲೈಸೆನ್ಸ್ ಪರೀಕ್ಷೆಯ H ಆಕಾರದಲ್ಲಿ ಕಾರು ತಿರುಗಿಸ್ಲಿಕ್ಕೆ ಬಂದು, ಗೇರು ಒಂದು ಹದಕ್ಕೆ ಬಂದ ಮೇಲೆ, ಇಪ್ಪತ್ತರ ವೇಗದಲ್ಲಿ ಸುತ್ತು ಹೊಡೀಲಿಕ್ಕೆ ಹೇಳಿ ಪಕ್ಕದಲ್ಲಿ ಕೂತು ಕೇಳ್ತೇನೆ, ನಿಮ್ಮ ಅಡಿಗೆ ಕೋಣೆಯಲ್ಲಿ ಎಡದಿಂದ ಬಲಕ್ಕೆ ಯಾವ ಯಾವ ಡಬ್ಬ ಉಂಟು ಹೇಳಿ. ಅವರು ಉಪ್ಪು, ಹುಳಿ, ಮೆಣಸಿನ ಹುಡಿ ಅಂತ ಸುರು ಮಾಡ್ತಾರೆ. ಅಷ್ಟೊತ್ತಿಗೆ ನನ್ನ ಹುಡುಗ ಬದಿಯಲ್ಲಿ ನಿಂತು ಕೆಂಪು ಬೈರಾಸು, ಅಂದ್ರೆ ಟವೆಲ್, ಎತ್ತಿ ಬೀಸ್ತಾನೆ, ಬೈರಾಸು ಕಂಡ ಕೂಡ್ಲೆ ಬ್ರೇಕ್ ಅಂತ ಮೊದಲೇ ಹೇಳಿರ್ತೇನೆ. ಹೆಚ್ಚಿನವರು ಅವನನ್ನ ದಾಟಿ ಹೋಗ್ತಾರೆ, ನಾನು ನನ್ನ ಕಾಲಡಿಯ ಬ್ರೇಕ್ ತುಳಿದು ನಿಲ್ಲಿಸ್ಬೇಕು. ಕೇಳಿದ್ರೆ, ಬೈರಾಸು ಬೀಸಲೇ ಇಲ್ಲ ಮಾಷ್ಟ್ರೇ ಅಂತ ವಾದ ಮಾಡ್ತಾರೆ! ಸುಳ್ಳಲ್ಲ ಅದು, ಅವರಿಗೆ ನಿಜವಾಗಿಯೂ ಕಂಡಿಲ್ಲ. ಕೆಲವರು ಡಬ್ಬದ ಹೆಸರು ಹೇಳುವ ರಭಸದಲ್ಲಿ ಆಕ್ಸಿಲರೇಟರ್ ಬಿಟ್ಟೇಬಿಡ್ತಾರೆ, ಕೆಲವರ ಸ್ಟೇರಿಂಗ್ ಹಿಡಿದಲ್ಲೇ ಗಟ್ಟಿಯಾಗಿ ಕೂತುಬಿಡ್ತದೆ.

ಹಾಗಂತ ಬ್ಲೂಟೂತಲ್ಲಿ ಮಾತಾಡಿದವರೆಲ್ಲ ಗುದ್ದಿಕೊಳ್ತಾರೆ ಅಂತ ನಾನು ಹೇಳೋದಿಲ್ಲ, ಅದು ಸತ್ಯ ಅಲ್ಲ. ಅಧ್ಯಯನಗಳೂ ಎಲ್ಲ ಒಂದೇ ಮಾತು ಹೇಳೋದಿಲ್ಲ. 1997ರಲ್ಲಿ ಕೆನಡಾದ ಟೊರಾಂಟೋದಲ್ಲಿ ಅಪಘಾತ ಆದ 699 ಚಾಲಕರ ಫೋನ್ ದಾಖಲೆ ತೆಗೆದು ನೋಡಿದಾಗ, ಫೋನಲ್ಲಿ ಇರುವಾಗ ಗುದ್ದುವ ಅಪಾಯ ಸುಮಾರು ನಾಲ್ಕು ಪಟ್ಟು ಅಂತ ಬಂತು, ಕೈಯಲ್ಲಿ ಹಿಡಿಯದೆ ಮಾತಾಡಿದವರಿಗೆ ರಿಯಾಯಿತಿ ಏನೂ ಕಾಣಲಿಲ್ಲ. ಆದ್ರೆ 2014ರಲ್ಲಿ ಪ್ರಕಟ ಆದ ಅಮೆರಿಕದ ಇನ್ನೊಂದು ಅಧ್ಯಯನ ಉಂಟು, ಹೊಸದಾಗಿ ಲೈಸೆನ್ಸ್ ಸಿಕ್ಕಿದ 42 ಹದಿಹರೆಯದವರ ಕಾರಲ್ಲೇ ಕ್ಯಾಮೆರಾ ಇಟ್ಟು 18 ತಿಂಗಳು ನೋಡಿದ್ದು, ಅದರಲ್ಲಿ ಬರೀ ಮಾತಿನಿಂದ ಅಪಾಯ ಹೆಚ್ಚಾದದ್ದು ಕಾಣಲಿಲ್ಲ. ಅಪಾಯ ಕಂಡದ್ದು ನಂಬರ್ ಒತ್ತುವಾಗ, ಅದು ಸುಮಾರು ಎಂಟು ಪಟ್ಟು, ಮತ್ತೆ ಫೋನಿಗೆ ಕೈ ಚಾಚುವಾಗ, ಅದು ಏಳು ಪಟ್ಟು. ರಸ್ತೆ ಬದಿಯ ಏನನ್ನೋ ನೋಡ್ತಾ ಹೋದ್ರೂ ನಾಲ್ಕು ಪಟ್ಟಿನ ಹತ್ರ. ಹಾಗಾಗಿ ನನ್ನ ಲೆಕ್ಕ ಹೀಗೆ: "ಹೊರಟೆ, ಏಳು ಗಂಟೆಗೆ ಬರ್ತೇನೆ" ಅನ್ನುವ ಮಾತು ಒಂದು, ಕಾಗದ ಹುಡುಕಿಸುವ ಮಾತು, ಲೆಕ್ಕ ಹೇಳುವ ಮಾತು, ಜಗಳದ ಮಾತು ಇನ್ನೊಂದು. ಯಾವ ಕಾಲ್ ಯಾವುದಾಗಿ ತಿರುಗ್ತದೆ ಅಂತ ರಿಂಗ್ ಆಗುವಾಗ ಗೊತ್ತಾಗ್ಲಿಕ್ಕಿಲ್ಲವಲ್ಲ? ನಿಮ್ಮ ಅಮ್ಮ ಬಹುಶಃ ಚಾ ಕುಡಿದ್ಯಾ ಅಂತ ಸುರು ಮಾಡಿರಬಹುದು. ಅದಕ್ಕೇ ಹೊಸಬರಿಗೆ ಮೊದಲ ಒಂದು ವರ್ಷ ಯಾವ ಕಾಲೂ ಬೇಡ ಅಂತ ನಾನು ಹೇಳೋದು.

ಇನ್ನು ಯಜಮಾನರ ಮಾತು, ಅಭ್ಯಾಸ ಆದ್ರೆ ಸರಿ ಹೋಗ್ತದೆ ಅಂತ. ಅದರಲ್ಲಿ ಅರ್ಧ ಸತ್ಯ ಉಂಟು. ಅವರ ಕೈಕಾಲು ಹದಿನೈದು ವರ್ಷದಲ್ಲಿ ಪಳಗಿದೆ, ಕ್ಲಚ್ಚಿಗೆ ಅವರು ಯೋಚನೆ ಖರ್ಚು ಮಾಡೋದಿಲ್ಲ. ಅದಕ್ಕಿಂತ ದೊಡ್ಡದು, ಅವರ ಕಣ್ಣಿಗೆ ಎಲ್ಲಿ ನೋಡಬೇಕು ಅಂತ ಗೊತ್ತುಂಟು. ಹೊಸಬರ ಕಣ್ಣು ಕಾರಿನ ಮೂಗಿನ ಮುಂದೆಯೇ ಇರ್ತದೆ, ದೂರಕ್ಕೆ ಹೋಗೋದಿಲ್ಲ, ಕನ್ನಡಿಗೆ ಹೋಗೋದಿಲ್ಲ, ಇದನ್ನ 1972ರಷ್ಟು ಹಿಂದೆಯೇ ಕಣ್ಣಿನ ಚಲನೆ ಅಳೆದು ತೋರಿಸಿದ್ದಾರೆ. ಅನುಭವ ಇದ್ದವರು ತಿರುವು ಬರುವ ಮೊದಲೇ, ಇಲ್ಲಿ ಬಸ್ ಸ್ಟಾಪ್ ಉಂಟು, ಸಂಜೆ ಹೊತ್ತು, ಬಸ್ ನಿಂತಿರಬಹುದು ಅಂತ ಕಾಲು ಎತ್ತಿರ್ತಾರೆ, ಅವರಿಗೇ ಅದು ಗೊತ್ತಾಗೋದೂ ಇಲ್ಲ. ಇದೆಲ್ಲ ಅಭ್ಯಾಸದಿಂದ ಬರ್ತದೆ. ಆದ್ರೆ ಮಾತಾಡುವಾಗ ಬಸ್ಸು ಕಾಣದೆ ಹೋಗುವ ವಿಷಯ ಅಭ್ಯಾಸದಿಂದ ಹೋಗೋದಿಲ್ಲ. ಅವರಿಗೂ ಕಾಣದೆ ಹೋಗಿರ್ತದೆ, ಅಲ್ಲಿ ಬಸ್ಸು ಇರ್ಲಿಲ್ಲ ಅಷ್ಟೇ. ಕಾಣದೆ ಹೋದದ್ದು ಯಾವತ್ತೂ ಲೆಕ್ಕಕ್ಕೆ ಬರೋದಿಲ್ಲ, ಹಾಗಾಗಿ ಹದಿನೈದು ವರ್ಷ ಏನೂ ಆಗಲಿಲ್ಲ ಅಂತ ಅವರಿಗೆ ಅನಿಸ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಬೇರೆ ಒಂದು ಸಾಲು. ಈಗ ಕೈ ಕೂತಿದೆ ಅಂತ ಬರೆದಿದ್ದೀರಲ್ಲ, ಅದು. ಇಪ್ಪತ್ತೆರಡು ವರ್ಷದಿಂದ ಕುಂಬಳೆ, ಬದಿಯಡ್ಕ ಕಡೆಯವರಿಗೆ ಕಲಿಸ್ತಾ ಇದ್ದೇನೆ, ಲೈಸೆನ್ಸ್ ಸಿಕ್ಕಿದ ಮೊದಲ ತಿಂಗಳಲ್ಲಿ ನನ್ನ ಹತ್ರ ಕಲಿತವರ ಕಾರಿಗೆ ಆಗೋದು ಗೇಟಿಗೆ ಉಜ್ಜಿದ ಗೀರು, ಕನ್ನಡಿ ಮುರಿದದ್ದು, ಇಷ್ಟೇ. ಎದೆ ಒಡೆಯುವ ಸುದ್ದಿ ಬರೋದು ಐದಾರು ತಿಂಗಳು ಆದ ಮೇಲೆ. ಯಾಕಂದ್ರೆ ಮೊದಲ ತಿಂಗಳು ಫೋನ್ ಬಡ್ಕೊಂಡ್ರೂ ಎತ್ತುವ ಧೈರ್ಯವೇ ಇರೋದಿಲ್ಲ, ಗೇರು ಕ್ಲಚ್ಚಿಗೇ ಬುದ್ಧಿ ಸಾಲೋದಿಲ್ಲ. ಆಮೇಲೆ ಗೇರು ಕೈಗೆ ಇಳೀತದೆ, ಕ್ಲಚ್ ಕಾಲಿಗೆ ಇಳೀತದೆ, ತಲೆಯಲ್ಲಿ ಸ್ವಲ್ಪ ಜಾಗ ಖಾಲಿ ಆಗ್ತದೆ. ಆ ಜಾಗ ದೂರ ನೋಡ್ಲಿಕ್ಕೆ, ಕನ್ನಡಿ ನೋಡ್ಲಿಕ್ಕೆ ಅಂತ ಸಿಕ್ಕಿದ್ದು. ನಾವು ಅಲ್ಲಿಗೆ ಫೋನು, ಹಾಡು, ಮಾತು ತುಂಬಿಸ್ತೇವೆ. ಮೇಲೆ ಹೇಳಿದ 42 ಮಕ್ಕಳ ಅಧ್ಯಯನದಲ್ಲೂ ಇದೇ ಕಂಡದ್ದು, ತಿಂಗಳು ಹೋದ ಹಾಗೆ ಅವರು ಬೇರೆ ಕೆಲಸಕ್ಕೆ ಕೈ ಹಾಕೋದು ಜಾಸ್ತಿ ಆಗ್ತಾ ಹೋಯ್ತು. ನೀವೀಗ ಸರಿಯಾಗಿ ಆ ಹೊತ್ತಲ್ಲಿ ಇದ್ದೀರಿ.

ನನ್ನ ಹತ್ರ ಕಲಿತ ಮುಳ್ಳೇರಿಯ ಕಡೆಯ ಒಬ್ಬ ಹುಡುಗ, ಜಾಗ್ರತೆಯವನು, ಏಳು ತಿಂಗಳಾಗಿತ್ತು. ಡ್ಯಾಶ್‌ಬೋರ್ಡ್ ಮೇಲೆ ಇಟ್ಟ ಫೋನ್ ತಿರುವಲ್ಲಿ ಜಾರಿ ಕಾಲ ಬುಡಕ್ಕೆ ಬಿತ್ತು, ಕಾಲ್ ಕೂಡ ಬಂದಿರ್ಲಿಲ್ಲ, ಬ್ರೇಕಿನ ಅಡಿಗೆ ಹೋದ್ರೆ ಕಷ್ಟ ಅಂತ ತೆಗೀಲಿಕ್ಕೆ ಬಗ್ಗಿದ. ಬಗ್ಗುವಾಗ ಎಡ ಭುಜ ಕೆಳಗೆ ಹೋಯ್ತು, ಸ್ಟೇರಿಂಗ್ ಹಿಡಿದ ಕೈ ಒಟ್ಟಿಗೇ ತಿರುಗಿತು. ಕಾರು ಚರಂಡಿಗೆ ಇಳಿದು ಮೋರಿಯ ಕಲ್ಲಿಗೆ ಹೊಡೀತು, ಅವನಿಗೆ ದವಡೆ ಮುರಿದು ಎರಡು ತಿಂಗಳು ಗಂಜಿ ತಿಳಿಯಲ್ಲೇ ಇದ್ದ. ಐವತ್ತರಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಹೋಗ್ತದೆ, ಎರಡು ಸೆಕೆಂಡ್ ಬಗ್ಗಿದ್ರೆ ಎರಡು ಬಸ್ಸಿನ ಉದ್ದ ಕಣ್ಣು ಮುಚ್ಚಿ ಹೋದ ಹಾಗೆ. ಏನೇ ಬೀಳಲಿ, ಫೋನಾಗಲಿ ನೀರಿನ ಬಾಟಲಿಯಾಗಲಿ, ಓಡುವ ಕಾರಲ್ಲಿ ಬಗ್ಗಬೇಡಿ, ಆಕ್ಸಿಲರೇಟರ್ ಬಿಟ್ಟು ಬ್ರೇಕ್ ಒಮ್ಮೆ ಮೆತ್ತಗೆ ಒತ್ತಿ ನೋಡಿ, ಬದಿಗೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು ಆಮೇಲೆ ತೆಗೀರಿ. ಅದಕ್ಕಿಂತ ಮೊದಲು, ಬೀಳುವ ಹಾಗೆ ಏನನ್ನೂ ಇಡಬೇಡಿ.

ಸರಿ, ಈಗ ದಿನಾ ಏನು ಮಾಡೋದು.

ಎಲ್ಲಕ್ಕಿಂತ ಗಟ್ಟಿ ದಾರಿ ಫೋನನ್ನ ಸೈಲೆಂಟ್ ಮಾಡಿ ಬ್ಯಾಗಿನೊಳಗೆ ಹಾಕಿ ಬ್ಯಾಗ್ ಹಿಂದಿನ ಸೀಟಿನ ಕೆಳಗೆ ಇಡೋದು. ಪಕ್ಕದ ಸೀಟಲ್ಲಿ ಇಟ್ರೆ ಸಾಲದು, ಬೆಳಕು ಬಂದ ಕೂಡ್ಲೆ ಕಣ್ಣು ಹೋಗ್ತದೆ. ಇದರ ತೊಂದ್ರೆ ಎಂತ ಅಂದ್ರೆ ಮನೆಯವರಿಗೆ ಗಾಬರಿ, ಎರಡು ಸಲ ಎತ್ತದಿದ್ರೆ ಊರೆಲ್ಲ ಫೋನ್ ಹೋಗ್ತದೆ, ಆ ಯೋಚನೆಯಲ್ಲೇ ನಿಮ್ಮ ಗಮನ ಹಾಳು. ಅದಕ್ಕೆ ಹೊರಡುವ ಮೊದಲು ಮನೆಗೆ ಒಂದು ಕಾಲ್ ಮಾಡಿ ಹೇಳಿ, ಈಗ ಹೊರಟೆ, ಬದಿಯಡ್ಕದಲ್ಲಿ ನಿಲ್ಲಿಸಿ ನೋಡ್ತೇನೆ, ಅಲ್ಲಿವರೆಗೆ ಎತ್ತೋದಿಲ್ಲ. ಒಂದು ವಾರ ಹೀಗೆ ಮಾಡಿದ್ರೆ ಅಮ್ಮನಿಗೂ ಅತ್ತೆಗೂ ಅಭ್ಯಾಸ ಆಗ್ತದೆ. ಇನ್ನೊಂದು, ಈಗಿನ ಹೆಚ್ಚಿನ ಫೋನಲ್ಲಿ ಡ್ರೈವಿಂಗ್ ಮೋಡ್ ಅಂತ ಉಂಟು, ಕಾಲ್ ಬಂದ್ರೆ ಸದ್ದಾಗೋದಿಲ್ಲ, ಕೆಲವಲ್ಲಿ ಓಡಿಸ್ತಾ ಇದ್ದೇನೆ ಅಂತ ಮೆಸೇಜ್ ತನ್ನಷ್ಟಕ್ಕೆ ಹೋಗ್ತದೆ, ಒಂದೇ ನಂಬರಿಂದ ಮತ್ತೆ ಮತ್ತೆ ಬಂದ್ರೆ ಮಾತ್ರ ರಿಂಗ್ ಆಗುವ ಹಾಗೂ ಇಡಬಹುದು. ಒಳ್ಳೇದೇ, ಆದ್ರೆ ಆ ಎರಡನೇ ಸಲದ ಗುಟ್ಟು ಎಲ್ಲರಿಗೂ ಹೇಳಬೇಡಿ, ಮಗನ ಶಾಲೆಗೆ ಮತ್ತೆ ಮನೆಯಲ್ಲಿ ಒಬ್ಬರಿಗೆ ಸಾಕು.

ಎತ್ತಲೇಬೇಕಾದ ಕಾಲ್ ಅಂತಾದ್ರೆ ನಿಲ್ಲಿಸಿ ಎತ್ತಿ, ಆದ್ರೆ ಎಲ್ಲಿ ನಿಲ್ಲಿಸೋದು ಅನ್ನೋದು ಕಾಲಿಗಿಂತ ದೊಡ್ಡ ಪ್ರಶ್ನೆ. ನಮ್ಮ ಚೆರ್ಕಳ ಕಲ್ಲಡ್ಕ ರಸ್ತೆಯಲ್ಲಿ ಎಷ್ಟೋ ಕಡೆ ಡಾಂಬರು ಮುಗಿದಲ್ಲೇ ಹೊಂಡ, ಮಳೆಗಾಲದಲ್ಲಿ ಹುಲ್ಲಿನ ಅಡಿ ಕೆಸರು, ಚಕ್ರ ಹೂತರೆ ಹೊಸಬರಿಗೆ ಎಬ್ಬಿಸ್ಲಿಕ್ಕೆ ಆಗೋದಿಲ್ಲ. ತಿರುವು ಕಳೆದ ಕೂಡ್ಲೆ ನಿಲ್ಲಿಸಿದ್ರೆ ಹಿಂದಿನಿಂದ ಬರುವ ಪ್ರೈವೇಟ್ ಬಸ್ಸಿನವನಿಗೆ ನೀವೇ ಆ ಕಾಣದ ಬಸ್ಸು ಆಗ್ತೀರಿ. ಹಾಗಾಗಿ ಒಂದು ಆದಿತ್ಯವಾರ ಯಜಮಾನರೊಟ್ಟಿಗೆ ಹೋಗಿ ನಿಮ್ಮ ದಾರಿಯಲ್ಲಿ ನಾಲ್ಕೈದು ಜಾಗ ಗುರುತು ಮಾಡಿಟ್ಟುಕೊಳ್ಳಿ, ಪೆಟ್ರೋಲ್ ಬಂಕು, ಅಂಗಡಿ ಮುಂದಿನ ಅಂಗಳ, ಅಗಲ ಇರುವ ಕಡೆ. ಕಾಲ್ ಬಂದ್ರೆ ಮುಂದಿನ ಜಾಗ ಬರುವವರೆಗೆ ಅದು ರಿಂಗ್ ಆಗಿ ನಿಲ್ಲಲಿ, ಅಲ್ಲಿಂದ ನೀವೇ ಮಾಡಿ. ಚೆರ್ಕಳದಿಂದ ಕಾಸರಗೋಡಿಗೆ ಆರು ಪಥದ ಹೈವೇ ಹಿಡಿದ್ರೆ ಅಲ್ಲಿ ಮೈನ್ ರಸ್ತೆಯ ಬದಿಯಲ್ಲಿ ಫೋನಿಗೋಸ್ಕರ ನಿಲ್ಲಿಸೋದು ಯಾವ ಕಾರಣಕ್ಕೂ ಬೇಡ.

ನಿಲ್ಲಿಸಿ ಮಾತಾಡಿದ ಮೇಲೆ ಫೋನ್ ಇಟ್ಟ ಕೂಡ್ಲೆ ಕ್ಲಚ್ ಬಿಡಬೇಡಿ. 2015ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು, ಬಾಯಲ್ಲಿ ಹೇಳಿ ಫೋನಿಗೆ, ಕಾರಿಗೆ ಕೆಲಸ ಮಾಡಿಸುವ ವ್ಯವಸ್ಥೆ ಪರೀಕ್ಷೆ ಮಾಡಿದ್ರು, ಕೆಲವದರಲ್ಲಿ ಹೇಳಿ ಮುಗಿದ ಮೇಲೂ 27 ಸೆಕೆಂಡಿನವರೆಗೆ ಮನಸ್ಸು ಪೂರ್ತಿ ರಸ್ತೆಗೆ ಬರ್ಲಿಲ್ಲ. ನಲವತ್ತರ ವೇಗದಲ್ಲಿ ಅದು 300 ಮೀಟರ್. ಬ್ಲಾಕಲ್ಲಿ ನಿಂತಾಗ ವಾಟ್ಸಾಪ್ ನೋಡಬಹುದಲ್ವಾ ಅಂತ ಕೇಳುವವರಿಗೂ ಇದೇ ಉತ್ತರ, ಹಿಂದಿನವನು ಹಾರ್ನ್ ಹೊಡೆದ ಅಂತ ಮುಂದೆ ಬಿಡ್ತೀರಿ, ಎಡಗಡೆಯಿಂದ ನುಗ್ಗಿದ ಬೈಕ್ ಕಾಣೋದಿಲ್ಲ.

ಮ್ಯಾಪ್ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ತೇನೆ, ಯಾಕಂದ್ರೆ ಹೈವೇ ಹೊಸತಾದ ಮೇಲೆ ಊರಿನವರಿಗೇ ದಾರಿ ತಪ್ತಾ ಉಂಟು. ಕಾನೂನು ಪ್ರಕಾರ ದಾರಿ ನೋಡ್ಲಿಕ್ಕೆ ಮಾತ್ರ, ಅದೂ ಗಮನ ತಪ್ಪದ ಹಾಗೆ, ಫೋನ್ ಬಳಸಬಹುದು, 2020ರ ಅಕ್ಟೋಬರ್ 1ರಿಂದ ಹೀಗೆ ಉಂಟು. ಮನೆಯಿಂದ ಹೊರಡುವ ಮೊದಲೇ ಜಾಗ ಹಾಕಿ, ದಾರಿ ಪೂರ್ತಿ ಒಮ್ಮೆ ನೋಡಿ, ಫೋನನ್ನ ಗಟ್ಟಿ ಹಿಡಿಯುವ ಸ್ಟಾಂಡಲ್ಲಿ ರಸ್ತೆಗೆ ಅಡ್ಡ ಬಾರದ ಹಾಗೆ ಕೂರಿಸಿ, ಧ್ವನಿ ಇಟ್ಟು ಕಿವಿಯಲ್ಲಿ ಕೇಳಿ. ಹೈವೇಯಿಂದ ಸರ್ವಿಸ್ ರೋಡಿಗೆ ಇಳಿಯುವ ಜಾಗ ತಪ್ಪಿದ್ರೆ ತಪ್ಪಲಿ. ರಿವರ್ಸ್ ಬರೋದು, ತಟ್ಟನೆ ಬ್ರೇಕ್ ಹಾಕೋದು ಎರಡೂ ಪ್ರಾಣಕ್ಕೆ ಬರ್ತದೆ. ಮುಂದಿನ ಕಡೆ ಇಳಿದು ಅಂಡರ್‌ಪಾಸಲ್ಲಿ ತಿರುಗಿ ಬಂದ್ರೆ ಹತ್ತು ನಿಮಿಷ ಹೋಗ್ತದೆ, ಹೋಗಲಿ.

ದಂಡದ ವಿಷಯ ಬೇಗ ಹೇಳಿ ಮುಗಿಸ್ತೇನೆ. ಫೋನ್ ಕೈಯಲ್ಲಿ ಹಿಡಿದು ಓಡಿಸೋದನ್ನ 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನಿಗೆ, ಅಂದ್ರೆ ಅಪಾಯಕಾರಿ ಚಾಲನೆಗೆ ಸೇರಿಸಿದ್ದಾರೆ. ಕೇರಳದಲ್ಲಿ 2023ರ ಜೂನ್ 5ರಿಂದ ಎಐ ಕ್ಯಾಮೆರಾದಲ್ಲಿ ಫೋಟೋ ಬಿದ್ದು 2000 ರೂಪಾಯಿ ನೋಟೀಸು ಮನೆಗೆ ಬರ್ತದೆ. ಗಡಿಯ ತಲಪಾಡಿ ದಾಟಿ ಕರ್ನಾಟಕಕ್ಕೆ ಹೋದ್ರೆ ಕ್ಯಾಮೆರಾ ಇಲ್ಲ ಅಂತ ಕೆಲವರು ಫೋನ್ ಎತ್ತುವುದನ್ನ ನೋಡಿದ್ದೇನೆ, ರಸ್ತೆಗೆ ಗಡಿ ಗೊತ್ತಿಲ್ಲ.

ಮಗನ ವಿಷಯಕ್ಕೆ ಬರ್ತೇನೆ, ಅದು ಫೋನಿಗಿಂತ ಕಷ್ಟದ್ದು, ಯಾಕಂದ್ರೆ ಮಗುವನ್ನ ಸೈಲೆಂಟ್ ಮಾಡ್ಲಿಕ್ಕೆ ಆಗೋದಿಲ್ಲ. ದೊಡ್ಡವರು ಪಕ್ಕದಲ್ಲಿ ಕೂತು ಮಾತಾಡಿದ್ರೆ ಫೋನಿನಷ್ಟು ತೊಂದ್ರೆ ಇಲ್ಲ, ಅವರಿಗೂ ರಸ್ತೆ ಕಾಣ್ತದೆ, ಲಾರಿ ಬಂದ್ರೆ ತನ್ನಿಂದ ತಾನೇ ಮಾತು ನಿಲ್ಲಿಸ್ತಾರೆ. ನಾಲ್ಕು ವರ್ಷದವನಿಗೆ ಅದು ಗೊತ್ತಾಗೋದಿಲ್ಲ, "ಅಮ್ಮಾ ನೋಡು" ಅಂತ ಸರಿಯಾಗಿ ತಿರುವಲ್ಲೇ ಕೂಗ್ತಾನೆ. ಅವನನ್ನ ಮಕ್ಕಳ ಸೀಟಲ್ಲಿ ಹಿಂದೆ, ನಿಮ್ಮ ನೇರ ಹಿಂದೆ ಅಲ್ಲ, ಎಡಗಡೆ ಕೂರಿಸಿ, ಬೆಲ್ಟ್ ಹಾಕಿ. ನೀರು, ತಿಂಡಿ, ಆಟದ ಸಾಮಾನು ಹೊರಡುವ ಮೊದಲೇ ಅವನ ಕೈಗೆ ಸಿಗುವ ಹಾಗೆ ಇಡಿ, ಸಾಮಾನಿಗೆ ನೂಲು ಕಟ್ಟಿ ಸೀಟಿಗೆ ಬಿಗಿದ್ರೆ ಬಿದ್ರೂ ಅವನೇ ಎಳ್ಕೊಳ್ತಾನೆ, ಇದು ನನ್ನ ಹತ್ರ ಕಲಿತ ಒಬ್ಬರು ಟೀಚರ್ ನನಗೇ ಕಲಿಸಿದ್ದು. ಅತ್ತರೆ ಅಳಲಿ, ಅಳು ಕೇಳಿ ಎದೆ ಹಿಂಡ್ತದೆ ನಿಜ, ಆದ್ರೆ ತಿರುಗಿ ನೋಡಬೇಡಿ, ನಿಮ್ಮ ಮುಂದಿನ ಗುರುತಿನ ಜಾಗದಲ್ಲಿ ನಿಲ್ಲಿಸಿ ಎತ್ತಿಕೊಳ್ಳಿ.

ಮಳೆಗಾಲಕ್ಕೆ ಒಂದು ಕೆಲಸ. ನಿಮ್ಮ ಅಂಗಳದಲ್ಲಿ ಕಾರು ನಿಂತಿರುವಾಗ ಕಣ್ಣು ಮುಚ್ಚಿ ಕೂತ್ಕೊಂಡು ವೈಪರ್, ಲೈಟ್ ಡಿಮ್, ನಾಲ್ಕೂ ಇಂಡಿಕೇಟರಿನ ಬಟನ್, ಎಸಿಯ ಗಾಳಿ ಮುಂದಿನ ಗಾಜಿಗೆ ಬಿಡುವ ಬಟನ್, ಎಲ್ಲ ಕೈಗೆ ಸಿಗ್ತದಾ ನೋಡಿ, ಸಿಗುವವರೆಗೆ ಮಾಡಿ. ಜೋರು ಮಳೆಗೆ ಗಾಜಿಗೆ ಆವಿ ಹಿಡಿದಾಗ ಹೊಸಬರು ಬಟನ್ ಹುಡುಕ್ತಾ ಬಗ್ಗೋದು, ಇಲ್ಲದಿದ್ರೆ ಸೀರೆ ಸೆರಗಲ್ಲಿ, ಶಾಲಲ್ಲಿ ಒರೆಸ್ಲಿಕ್ಕೆ ಹೋಗೋದು, ಅದೇ ಹೊತ್ತಿಗೆ ಎದುರಿಂದ ಲಾರಿ. ಎಸಿ ಹಾಕಿ ಗಾಳಿ ಗಾಜಿಗೆ ಬಿಟ್ರೆ ಸ್ವಲ್ಪ ಹೊತ್ತಲ್ಲಿ ಬಿಡ್ತದೆ.

ಬಸ್ಸಿಗೆ ಹೋಗು ಅಂತ ಅತ್ತೆ ಹೇಳಿದ್ದು ಸಿಟ್ಟಲ್ಲಿ ಅಲ್ಲ, ಹೆದರಿ ಹೇಳಿದ್ದು, ಅವರ ಮೇಲೆ ಬೇಜಾರು ಬೇಡ. ತೀರಾ ದಣಿದ ದಿನ, ಯಕ್ಷಗಾನ ಆಟ ನೋಡಿ ನಿದ್ದೆಗೆಟ್ಟ ಮರುದಿನ, ಮನಸ್ಸು ಕೆಟ್ಟ ದಿನ ಬಸ್ಸಲ್ಲೇ ಹೋಗಿ, ಅದರಲ್ಲಿ ಸೋಲು ಏನೂ ಇಲ್ಲ, ನಾನೂ ಹಾಗೆ ಮಾಡ್ತೇನೆ. ಉಳಿದ ದಿನ ಓಡಿಸಿ. ಒಂದು ತಿಂಗಳು ಆ ಎಡನೀರಿನ ತಿರುವಿಗೆ ಬರುವಾಗ ಕಾಲೆತ್ತಿ, ತಿರುವಿನ ಆಚೆ ಏನಿರಬಹುದು ಅಂತ ನಿಮಗೇ ಕೇಳುವ ಹಾಗೆ ಬಾಯಿಬಿಟ್ಟು ಹೇಳಿ, ಬಸ್ಸು, ದನ, ಶಾಲೆ ಮಕ್ಕಳು. ಮನಸ್ಸಿಗೆ ಚಿತ್ರ ಬಿಡಿಸುವ ಕೆಲಸ ಬೇಕಿದ್ರೆ ರಸ್ತೆಯದ್ದೇ ಚಿತ್ರ ಬಿಡಿಸಲಿ. ಮತ್ತೆ ಒಂದು ಆದಿತ್ಯವಾರ ಬೆಳಿಗ್ಗೆ ಯಜಮಾನರನ್ನೂ ಕರ್ಕೊಂಡು ಗ್ರೌಂಡಿಗೆ ಬನ್ನಿ. ಅವರನ್ನ ಸ್ಟೇರಿಂಗಲ್ಲಿ ಕೂರಿಸಿ, ಕಪಾಟಲ್ಲಿ ಏನೇನು ಎಲ್ಲೆಲ್ಲಿ ಉಂಟು ಅಂತ ನೀವೇ ಪ್ರಶ್ನೆ ಕೇಳಿ, ಬೈರಾಸು ನಾನು ಬೀಸ್ತೇನೆ.